ಅಬೇಟ್ ಆದ ಅಪೀಲು

ಸತ್ತುಹೋದ ಮನುಷ್ಯನ ಹೆಸರನ್ನು ಮಂಡ್ಯದ ಕೋರ್ಟಿನ ಮೊಗಸಾಲೆಯಲ್ಲಿ ನಿಂತು ದಲಾಯತ ಗಟ್ಟಿಯಾಗಿ ಕೂಗುತ್ತಿದ್ದ. ನಾನು ಎದ್ದು, ಮೇಲ್ಮನವಿದಾರರ ಪರ ಹಾಜರಿದ್ದೇನೆ ಎನ್ನುತ್ತಿದ್ದೆ. ಎದುರು ಕಡೆಯ ವಕೀಲರು ಎದ್ದು, ಎದುರುದಾರರ ಪರ ಹಾಜರಿದ್ದೇನೆ ಎನ್ನುತ್ತಿದ್ದರು. ನ್ಯಾಯಾಧೀಶರು ಮುಂದಿನ ದಿನಾಂಕ ಕೊಡುತ್ತಿದ್ದರು. ಹೀಗೆ ಒಂದು ವರ್ಷ ನಡೆಯಿತು. ಆ ಎದುರುದಾರ ಅಷ್ಟೂ ದಿನ ಪೂರಿಗಾಲಿಯ ತನ್ನ ಹೊಲದ ಬದುವಿನ ಪಕ್ಕ ಮಣ್ಣಿನಲ್ಲಿ ಮಲಗಿದ್ದ. ಅದು ಇಡೀ ಊರಿಗೆ ಗೊತ್ತಿತ್ತು, ನನ್ನ ಕಕ್ಷಿದಾರಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಕಪ್ಪು ಕೋಟು ಹಾಕಿಕೊಂಡು ಎದ್ದು ಕೂತು ಮಾಡುತ್ತಿದ್ದವರು ನಾವಿಬ್ಬರು ವಕೀಲರು ಮಾತ್ರ.

ನನ್ನ ಕಚೇರಿ ಮದ್ದೂರಿನಲ್ಲಿ, ಒಂದು ಹೋಟೆಲಿನ ಮಹಡಿಯ ಮೇಲೆ. ಕೆಳಗೆ ವಡೆ ಬೇಯುವ ವಾಸನೆ, ಮೇಲೆ ಹಳೆಯ ಫೈಲುಗಳ ವಾಸನೆ. ಎರಡರ ನಡುವೆ ನನ್ನ ಅರ್ಧ ಆಯಸ್ಸು ಕಳೆದಿದೆ. ಮಳವಳ್ಳಿಯ ಕೋರ್ಟಿನಲ್ಲಿ ಸೋತ ಒಂದು ಜಮೀನಿನ ದಾವೆಯನ್ನು ಹಿಡಿದುಕೊಂಡು ಪೂರಿಗಾಲಿಯ ಹೆಂಗಸೊಬ್ಬಳು ಇಲ್ಲಿಗೆ ಬಂದಿದ್ದಳು. ವಯಸ್ಸು ಅರವತ್ತರ ಹತ್ತಿರ. ಗಂಡ ಸತ್ತ ಮೇಲೆ ತವರಿಗೆ ಬಂದವಳು. ಅಪ್ಪ ಬದುಕಿದ್ದಾಗಲೇ ಒಂದು ತುಂಡು ಜಮೀನು ತೋರಿಸಿ, ಇಲ್ಲಿ ಮಾಡಿಕೊಂಡು ತಿನ್ನು ಎಂದಿದ್ದನಂತೆ. ಅವಳು ಅಲ್ಲಿ ಹಿಪ್ಪುನೇರಳೆ ಹಾಕಿ, ಶೀಟಿನ ಒಂದು ಹುಳದ ಮನೆ ಕಟ್ಟಿ, ರೇಷ್ಮೆ ಬೆಳೆಯುತ್ತಿದ್ದಳು. ಅಪ್ಪ ಬಾಯಲ್ಲಿ ಹೇಳಿದ್ದನೇ ಹೊರತು ಕಾಗದ ಮಾಡಿಸಿರಲಿಲ್ಲ. ಪಹಣಿ ಮೊದಲಿನಿಂದಲೂ ಚಿಕ್ಕಪ್ಪನ ಕಡೆಯವರ ಹೆಸರಿನಲ್ಲಿತ್ತು. ಚಿಕ್ಕಪ್ಪನ ಮಗ ದಾವೆ ಹಾಕಿದ, ಜಮೀನು ತನ್ನದು, ಬಿಡಿಸಿಕೊಡಿ ಎಂದ. ಕೋರ್ಟು ಬಿಡಿಸಿಕೊಡಿ ಎಂದಿತು. ಅದರ ಮೇಲೆ ನಾನು ಮಂಡ್ಯದಲ್ಲಿ ಅಪೀಲು ಹಾಕಿ, ಅಪೀಲು ತೀರ್ಮಾನವಾಗುವ ತನಕ ಅವಳನ್ನು ಎಬ್ಬಿಸಬಾರದೆಂದು ತಡೆಯಾಜ್ಞೆ ತಂದಿದ್ದೆ. ಆ ತಡೆಯಾಜ್ಞೆಯ ಮೇಲೆ ಅವಳ ಹುಳದ ಮನೆ ನಿಂತಿತ್ತು. ಅವಳಿಗೆ ಬೇರೆ ಜಮೀನಿಲ್ಲ, ಬೇರೆ ಕೆಲಸ ಗೊತ್ತಿಲ್ಲ.

ಅಪೀಲು ಚೆನ್ನಾಗಿತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಕೆಳಗಿನ ಕೋರ್ಟು ಇಬ್ಬರು ಸಾಕ್ಷಿಗಳ ಹೇಳಿಕೆಯನ್ನು ಓದಿಯೇ ಇರಲಿಲ್ಲ, ಒಂದು ದಾಖಲೆಯನ್ನು ತಪ್ಪಾಗಿ ಓದಿತ್ತು. ವಾದಕ್ಕೆ ಬಂದರೆ ಗೆಲ್ಲುತ್ತೇನೆ ಎನ್ನುವ ಧೈರ್ಯ ನನಗಿತ್ತು. ವಾದಕ್ಕೆ ಬರಬೇಕಷ್ಟೆ. ಒಂದು ಸಲ ಕೆಳಗಿನ ಕೋರ್ಟಿನ ಕಡತ ಬಂದಿರಲಿಲ್ಲ, ಒಂದು ಸಲ ನ್ಯಾಯಾಧೀಶರಿಗೆ ವರ್ಗವಾಗಿತ್ತು, ಒಂದು ಸಲ ಎದುರು ವಕೀಲರಿಗೆ ಸಮಯ ಬೇಕಿತ್ತು. ಅಪೀಲಿನ ಹಂತದಲ್ಲಿ ಕಕ್ಷಿದಾರರು ಬರುವ ಅಗತ್ಯವಿಲ್ಲ, ಬರುವುದೂ ಇಲ್ಲ. ಹಾಗಾಗಿ ಯಾರಿದ್ದಾರೆ ಯಾರಿಲ್ಲ ಎನ್ನುವುದು ವಕೀಲರಿಗೆ ತಾನಾಗಿ ತಿಳಿಯುವುದಿಲ್ಲ.

ಒಂದು ಬೆಳಿಗ್ಗೆ ಅವಳು ಮಹಡಿ ಹತ್ತಿ ಬಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಬೆಂಚಿನ ಮೇಲೆ ಕೂತು, ನೀರು ಕುಡಿದು, ಸಮಾಧಾನವಾಗಿ ಹೇಳಿದಳು.

"ವರ್ಸದ ಎಡೆ ಆಯ್ತು ಕಣಮ್ಮ. ಇನ್ನೇನು ತೊಂದ್ರೆ ಇಲ್ಲ. ಕೇಸು ನಡ್ಸಿ."

"ಯಾರ ಎಡೆ ಅಮ್ಮ?"

"ನನ್ ತಮ್ಮುಂದು."

"ನಿಮಗೆ ತಮ್ಮ ಇಲ್ಲವಲ್ಲ?"

"ಚಿಕ್ಕಪ್ಪನ್ ಮಗ ತಮ್ಮ ಅಲ್ವಾ? ಕೇಸು ಆಕಿದ್ನಲ್ಲ, ಅವ್ನೇಯ. ಓದ್ ವರ್ಸ ತೀರ್ಕಂಡ. ಎದೆ ನೋವು ಅಂದ, ಮಳವಳ್ಳಿ ಆಸ್ಪತ್ರೆಗೆ ಎತ್ಕಂಡೋಯ್ತಿದ್ದಂಗೆ ದಾರೀಲೇ ಓಗ್ಬುಟ್ಟ."

ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು, ನನಗೇಕೆ ಅವತ್ತೇ ಹೇಳಲಿಲ್ಲ ಎಂದು ಕೇಳಿದೆ. ಕೇಳಿದೆ ಎನ್ನುವುದಕ್ಕಿಂತ ಕಿರುಚಿದೆ ಎನ್ನಬೇಕು. ಕೆಳಗಿನ ಹೋಟೆಲಿನ ಮಾಣಿ ಮೆಟ್ಟಿಲಲ್ಲಿ ನಿಂತು ಮೇಲೆ ನೋಡಿದ. ಅವಳಿಗೆ ನಾನು ಯಾಕೆ ಕೂಗಾಡುತ್ತಿದ್ದೇನೆ ಎಂಬುದೇ ಅರ್ಥವಾಗಲಿಲ್ಲ.

"ಎಂಗ್ ಏಳೋದಮ್ಮ? ಸಾವ್ನ ಮನೆ. ಅವ್ನ್ ಎಂಡ್ತಿ ಮಣ್ಣಲ್ಲಿ ಒಳ್ಳಾಡ್ತಾವ್ಳೆ, ನಾನು ಬಸ್ಸತ್ಕಂಡ್ ಬಂದು ಲಾಯರತ್ರ ಕೇಸಿನ್ ಮಾತಾಡ್ಲಾ? ನೀವಾದ್ರೆ ಮಾಡ್ತಿದ್ರಾ?"

ನಿಧಾನವಾಗಿ ಎಲ್ಲವೂ ಹೊರಬಂತು. ಮೂರನೇ ದಿನ ಹಾಲುತುಪ್ಪ ಬಿಡಲು ಮನೆಯವರು ಮಣ್ಣು ಮಾಡಿದ ಗುಡ್ಡೆಯ ಹತ್ತಿರ ಸೇರಿದ್ದರು. ಅಕ್ಕನ ಸ್ಥಾನದಲ್ಲಿ ನಿಂತು ಇವಳೂ ಹಾಲು ಬಿಟ್ಟಳು. ಆಮೇಲೆ ಊರಿನ ಯಜಮಾನರ ಮುಂದೆ ಇವಳೇ ಬಾಯಿ ಬಿಟ್ಟು ಹೇಳಿದಳಂತೆ: ಇವನ ವರ್ಷದ ಎಡೆ ಆಗುವ ತನಕ ಕೋರ್ಟು ಕಚೇರಿ ಎಂದು ಎರಡೂ ಮನೆಯಲ್ಲಿ ಯಾರೂ ತುಟಿ ಬಿಚ್ಚಬಾರದು. ಸತ್ತವನ ಹೆಂಡತಿ ಅಳುತ್ತಲೇ ತಲೆಯಾಡಿಸಿದಳು. ಯಜಮಾನರು ಸರಿ ಎಂದರು. ಅವರ ಕಡೆ ಅದು ಹೊಸದಲ್ಲ. ದಾಯಾದಿಗಳು ಬದುವಿಗಾಗಿ ಕುಡುಗೋಲು ಎತ್ತಿದ್ದರೂ, ಒಂದು ಮನೆಯಲ್ಲಿ ಸಾವಾದರೆ ಇನ್ನೊಂದು ಮನೆಯವರು ಹೆಗಲು ಕೊಡುತ್ತಾರೆ, ತಿಥಿಯ ಊಟಕ್ಕೆ ಕೂರುತ್ತಾರೆ, ವರ್ಷ ತುಂಬುವ ತನಕ ಜಗಳವನ್ನು ಕೆಳಗಿಡುತ್ತಾರೆ. ಇವಳು ಅದನ್ನು ಎಷ್ಟು ನಿಷ್ಠೆಯಿಂದ ಮಾಡಿದ್ದಳೆಂದರೆ, ಸೂತಕದವರು ಹುಳದ ಮನೆಗೆ ಕಾಲಿಟ್ಟರೆ ಹುಳ ಕೆಡುತ್ತದೆಂದು, ನಾಲ್ಕನೇ ಜ್ವರದಿಂದ, ಎಂದರೆ ಕಡೆಯ ಸಲ ಪೊರೆ ಕಳಚಿ, ಎದ್ದ ಹುಳುಗಳನ್ನು ಪಕ್ಕದ ಹೊಲದವರಿಗೆ ಒಪ್ಪಿಸಿ ತಾನು ಹೊರಗೇ ಉಳಿದಿದ್ದಳು. ಆ ಸಲದ ಬೆಳೆ ಅರ್ಧಕ್ಕರ್ಧ ಹಾಳಾಯಿತಂತೆ. ಅದನ್ನೂ ಅವಳು ದೂರಾಗಿ ಹೇಳಲಿಲ್ಲ.

ಹೆಂಡತಿಯೂ ಮಾತು ಉಳಿಸಿಕೊಂಡಿದ್ದಳು. ಗಂಡನ ವಕೀಲರಿಗೆ ಅವನು ಸತ್ತ ಸುದ್ದಿಯನ್ನು ಅವಳೂ ಹೇಳಿರಲಿಲ್ಲ. ಇಬ್ಬರು ಹೆಂಗಸರೂ ತಾವು ಸುಮ್ಮನಿದ್ದರೆ ಕೋರ್ಟೂ ಸುಮ್ಮನಿರುತ್ತದೆ ಎಂದುಕೊಂಡಿದ್ದರು.

ಕೋರ್ಟಿಗೆ ಸೂತಕವಿಲ್ಲ. ಅಪೀಲು ನಡೆಯುತ್ತಿರುವಾಗ ಎದುರುದಾರ ಸತ್ತರೆ ಅವನ ವಾರಸುದಾರರನ್ನು ತೊಂಬತ್ತು ದಿನದೊಳಗೆ ಕಡತಕ್ಕೆ ಸೇರಿಸಬೇಕು. ಸೇರಿಸಲು ಅಪೀಲು ಹಾಕಿದವರೇ ಅರ್ಜಿ ಕೊಡಬೇಕು. ಕೊಡದಿದ್ದರೆ ಆ ಅವಧಿ ಮುಗಿದ ದಿನವೇ ಅಪೀಲು ಅಬೇಟ್ ಆಗುತ್ತದೆ, ಎಂದರೆ ತಾನಾಗಿ ಬಿದ್ದುಹೋಗುತ್ತದೆ. ಅದಕ್ಕೆ ನ್ಯಾಯಾಧೀಶರು ಆದೇಶ ಬರೆಯಬೇಕಾಗಿಲ್ಲ, ಯಾರೂ ಕೇಳಬೇಕಾಗಿಲ್ಲ. ನಾವು ಅಲ್ಲಿ ದಿನಾಂಕ ತೆಗೆದುಕೊಳ್ಳುತ್ತಿದ್ದ ತಿಂಗಳುಗಳಲ್ಲಿ ನಮ್ಮ ಕೈಯಲ್ಲಿ ಇದ್ದದ್ದು ಬರೀ ಫೈಲು, ಅಪೀಲಲ್ಲ. ಅಪೀಲಿನ ಜೊತೆಗೆ ತಡೆಯಾಜ್ಞೆಯೂ ಹೋಗಿತ್ತು.

ಅಬೇಟ್ ಎನ್ನುವ ಈ ಮಾತನ್ನು ನಾನು ವೃತ್ತಿಗೆ ಬಂದ ದಿನದಿಂದ ಬಳಸಿದ್ದೇನೆ, ಅದೇನೆಂದು ಯೋಚಿಸಿದವಳಲ್ಲ. ಅವಳನ್ನು ಊಟಕ್ಕೆ ಕಳಿಸಿ, ನಿಘಂಟು ತೆಗೆದು ನೋಡಿದೆ. ತಲೆ ಕೆಟ್ಟಾಗ ನಿಘಂಟು ನೋಡುವುದು ನನ್ನ ಚಟ. ಹಳೆಯ ಫ್ರೆಂಚಿನಿಂದ ಬಂದ ಮಾತು. ಬಡಿದು ಕೆಡವು ಎಂದು ಅರ್ಥ. ಕಸಾಯಿಖಾನೆಗೆ ಫ್ರೆಂಚರು ಇಟ್ಟ ಹೆಸರೂ ಅದೇ ಬೇರಿನದು. ಹಿಂದೆ ಇಂಗ್ಲೆಂಡಿನ ಕಾನೂನಿನಲ್ಲಿ ಇದಕ್ಕೆ ಇನ್ನೊಂದು ಬಳಕೆಯೂ ಇತ್ತಂತೆ. ಜಮೀನಿನ ಒಡೆಯ ಸತ್ತು, ವಾರಸುದಾರ ಇನ್ನೂ ಕಾಲಿಡುವ ಮೊದಲೇ ಹೊರಗಿನವನೊಬ್ಬ ನುಗ್ಗಿ ಕೂತರೆ ಅದನ್ನೂ ಇದೇ ಹೆಸರಿನಿಂದ ಕರೆಯುತ್ತಿದ್ದರು. ಅಂತೂ ಈ ಮಾತು ಹುಟ್ಟಿದಾಗಿನಿಂದ ಸಾವು ಮತ್ತು ಜಮೀನಿನ ಸುತ್ತಲೇ ತಿರುಗಿದೆ. ನಮ್ಮ ಕನ್ನಡದ ಕಾನೂನು ಪದಕೋಶದಲ್ಲಿ ಮಾತ್ರ ಇದಕ್ಕೆ ಉಪಶಮನ ಎಂದು ಬರೆದಿದ್ದಾರೆ. ತಲೆನೋವು ಇಳಿಯುವುದಕ್ಕೆ ಬಳಸುವ ಮಾತು. ಬರೆದ ಪುಣ್ಯಾತ್ಮರು ಯಾವತ್ತೂ ಅಪೀಲು ಹಾಕಿರಲಿಕ್ಕಿಲ್ಲ ಎಂದುಕೊಂಡೆ.

ಇನ್ನೂ ಒಂದು ದಾರಿ ಇತ್ತು. ಮೂರು ಅರ್ಜಿಗಳನ್ನು ಒಟ್ಟಿಗೆ ಹಾಕಬೇಕು: ವಾರಸುದಾರರನ್ನು ಸೇರಿಸಿ ಎಂದು ಒಂದು, ಅಬೇಟ್ ಆದದ್ದನ್ನು ರದ್ದು ಮಾಡಿ ಎಂದು ಒಂದು, ತಡವಾದದ್ದನ್ನು ಮನ್ನಿಸಿ ಎಂದು ಒಂದು. ಮೂರಕ್ಕೂ ಜೀವ ಕೊಡುವುದು ಜೊತೆಗಿಡುವ ಪ್ರಮಾಣಪತ್ರ. ಯಾಕೆ ತಡವಾಯಿತು ಎಂಬುದಕ್ಕೆ ಅದರಲ್ಲಿ ಸಾಕಷ್ಟು ಕಾರಣ ಇರಬೇಕು. ಸಾಕಷ್ಟು ಎಂದರೆ ಎಷ್ಟು ಎಂದು ಯಾವ ಪುಸ್ತಕದಲ್ಲೂ ಇಲ್ಲ, ಅದು ಆವತ್ತು ಪೀಠದಲ್ಲಿ ಕೂತವರ ಮನಸ್ಸಿನಲ್ಲಿರುತ್ತದೆ.

ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲಾ ಆಗಬೇಕಿತ್ತು. ಸತ್ತವನಿಗೆ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು. ಮಕ್ಕಳ ಓದಿಗಾಗಿ ಅವರು ಈಗ ಚಿಕ್ಕರಸಿನಕೆರೆಯ ತವರುಮನೆಯಲ್ಲಿದ್ದರು. ಎದುರು ಕಡೆಯವರ ಮನೆಗೆ ವಕೀಲರು ಹೋಗುವುದು ಮರ್ಯಾದೆಯಲ್ಲ. ಆಕೆ ಇನ್ನೂ ಕಕ್ಷಿದಾರಳಾಗಿಲ್ಲ, ಯಾರಿಗೂ ವಕಾಲತ್ತು ಕೊಟ್ಟಿಲ್ಲ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡು, ನನ್ನ ಕಕ್ಷಿದಾರಳ ಜೊತೆ ಬಸ್ಸು ಹತ್ತಿದೆ. ಅವತ್ತು ಆ ಊರಿನ ದೇವಸ್ಥಾನಕ್ಕೆ ಹೊರಟವರಿಂದ ಬಸ್ಸು ತುಂಬಿ ತುಳುಕುತ್ತಿತ್ತು. ದಾರಿಯುದ್ದಕ್ಕೂ ಯಾರದೋ ತೆಂಗಿನಕಾಯಿ ಚೀಲ ನನ್ನ ಕಾಲ ಮೇಲಿತ್ತು.

ಸತ್ತವನ ಹೆಂಡತಿ ಬಾಗಿಲಿಗೆ ಬಂದು ನನ್ನ ಕಕ್ಷಿದಾರಳ ಕೈ ಹಿಡಿದುಕೊಂಡು ಒಳಗೆ ಕರೆದಳು. ನಲವತ್ತು ದಾಟಿರಲಿಲ್ಲ, ಮುಖ ಮಾತ್ರ ಬಾಡಿಹೋಗಿತ್ತು. ಕೋರ್ಟಿನ ತೊಡಕನ್ನು ನಾನು ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಇದೇನ್ ಅನ್ಯಾಯವಮ್ಮ, ನಾವೇ ಮಾತಾಡ್ಕಂಡಿದ್ವಲ್ಲ," ಎಂದಳು. "ಅಕ್ಕ ಏಳಿದ್ಕೇ ನಾನು ಸುಮ್ಕಿದ್ದುದ್ದು. ಬೇಕಾದ್ರೆ ಜಡ್ಜ್ ಮುಂದೆ ನಾನೇ ಬಂದು ಏಳ್ತೀನಿ."

ನನ್ನ ಎದೆಯ ಭಾರ ಇಳಿಯಿತು. ಎದುರು ಕಡೆಯವಳೇ ಬಂದು ಹೀಗೆ ಹೇಳಿದರೆ ತಡವನ್ನು ಮನ್ನಿಸದ ನ್ಯಾಯಾಧೀಶರು ಯಾರಿದ್ದಾರೆ? ಆಕೆಯ ಅಣ್ಣ, ಶಾಲಾ ಮೇಷ್ಟ್ರು, ಒಳಗಿನ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ. ಅವನು ನಮಗೆ ಕಾಫಿ ತರಿಸಿದ, ಬಸ್ಸಿನ ತನಕ ಬಿಟ್ಟ, ಒಂದೇ ಒಂದು ಮಾತು ಆಡಲಿಲ್ಲ. ಅದನ್ನು ನಾನು ಗಮನಿಸಬೇಕಿತ್ತು.

ಪ್ರಮಾಣಪತ್ರ ಬರೆಯಲು ಕೂತಾಗ ನನ್ನ ಹಿರಿಯ ವಕೀಲರಿಗೆ ಫೋನು ಮಾಡಿದೆ. ಈಗ ವಯಸ್ಸಾಗಿ ಮನೆಯಲ್ಲಿದ್ದಾರೆ, ತಲೆ ಮಾತ್ರ ಚುರುಕು. ವಿಷಯ ಕೇಳಿ, "ಇದಕ್ಕೆಲ್ಲ ಯಾಕಮ್ಮ ಇಷ್ಟು ಒದ್ದಾಟ? ಸತ್ತಿದ್ದು ಇತ್ತೀಚೆಗೆ ತಿಳೀತು ಅಂತ ಒಂದು ಸಾಲು ಹಾಕು. ಎಲ್ಲರೂ ಹಾಕೋದೇ ಅದು," ಎಂದರು. ಅದು ನಿಜ. ಆ ಸಾಲು ಪ್ರತಿ ವಕೀಲರ ಕಂಪ್ಯೂಟರಿನಲ್ಲಿ ಸಿದ್ಧವಾಗಿರುತ್ತದೆ, ನನ್ನದರಲ್ಲೂ ಇದೆ. ಹೆಸರು, ಊರು ಬದಲಿಸಿದರೆ ಮುಗಿಯಿತು. ಗೊತ್ತಿರಲಿಲ್ಲ ಎಂದವರಿಗೆ ಕೋರ್ಟು ಸಾಮಾನ್ಯವಾಗಿ ಕರುಣೆ ತೋರಿಸುತ್ತದೆ. ನಾನು ಆ ಸಾಲನ್ನು ಹಾಕಿಯೇ ಪ್ರಿಂಟು ತೆಗೆದೆ.

ಸಹಿ ಹಾಕಿಸುವ ಮೊದಲು ಓದಿ ಹೇಳಬೇಕು. ಓದಿದೆ. ಆ ಸಾಲಿಗೆ ಬಂದಾಗ ಅವಳು ಪೆನ್ನನ್ನು ಮೇಜಿನ ಮೇಲಿಟ್ಟಳು.

"ಯಾನಂದ್ರಿ? ನನ್ ತಮ್ಮ ಸತ್ತಿದ್ದು ನಂಗೊತ್ತಿರ್ನಿಲ್ಲ ಅಂತ್ಲಾ?"

"ಕೋರ್ಟಿಗೆ ಹಾಗೆ ಬರೆಯೋದು ಅಮ್ಮ. ವಾಡಿಕೆ."

"ಯಾವ್ ವಾಡಿಕೆ? ಹೆಣದ್ ತಲೆ ಅತ್ರ ಕೂತ್ಕಂಡು ಅತ್ತೋಳು ನಾನು. ಹಾಲುತುಪ್ಪ ಬುಟ್ಟೋಳು ನಾನು. ತಿಥಿ ದಿಸ ಮೂರು ಪಂಕ್ತಿಗೆ ಮುದ್ದೆ ಬಡ್ಸಿವ್ನಿ. ಊರೋರ್ ಮುಂದೆ ನಾನ್ ಎಂಗ್ ಮಕ ಎತ್ಕಂಡ್ ತಿರ್ಗಲಿ?"

"ಊರಿನವರು ಇದನ್ನ ಓದಲ್ಲ."

"ಮಣ್ಣಲ್ಲಿ ಮಲ್ಗವ್ನಲ್ಲ, ಅವ್ನ್ ಓದ್ತಾನೆ ಬುಡಿ," ಎಂದಳು.

ನನಗೆ ಸಿಟ್ಟು ಬಂತು. ಜಮೀನು ಬೇಕೋ ಬೇಡವೋ ಎಂದು ಗದರಿದೆ. ಬೇಕು ಎಂದಳು. ಹಾಗಾದರೆ ಸಹಿ ಹಾಕಿ ಎಂದೆ. ಆಗಲ್ಲ ಎಂದಳು. ಹೀಗೆ ಇಬ್ಬರೂ ಬಿಗಿದುಕೊಂಡು ಕೂತೆವು. ಕೆಳಗಿನಿಂದ ಎಣ್ಣೆಯ ಹೊಗೆ ಬರುತ್ತಿತ್ತು. ಬಲವಂತ ಮಾಡಿದ್ದರೆ ಬಹುಶಃ ಹಾಕುತ್ತಿದ್ದಳು. ನಮ್ಮ ಮುಂದೆ ಕೂತ ಹಳ್ಳಿಯ ಹೆಂಗಸರ ಹತ್ತಿರ ಹೀಗೆ ಎಷ್ಟೋ ಸಹಿಗಳನ್ನು ನಾವು ಹಾಕಿಸಿದ್ದೇವೆ. ಆದರೆ ಅವಳು ಕೈಯನ್ನು ಮಡಿಲಲ್ಲಿ ಹುದುಗಿಸಿ ಕೂತಿದ್ದಳು. ಕಂಪ್ಯೂಟರಿನತ್ತ ತಿರುಗಿ ಆ ಸಾಲನ್ನು ತೆಗೆದೆ. ನಡೆದದ್ದನ್ನು ನಡೆದ ಹಾಗೆ ಬರೆದೆ: ತಮ್ಮ ಸತ್ತ ದಿನವೇ ಗೊತ್ತಿತ್ತು, ವರ್ಷ ತುಂಬುವ ತನಕ ವ್ಯಾಜ್ಯದ ಮಾತು ಬೇಡವೆಂದು ಎರಡೂ ಮನೆಯವರು ಹಿರಿಯರ ಮುಂದೆ ಒಪ್ಪಿದ್ದೆವು, ಸಾವನ್ನು ವಕೀಲರಿಗೆ ತಿಳಿಸಬೇಕೆಂಬ ಕಾನೂನು ನನಗೆ ತಿಳಿದಿರಲಿಲ್ಲ, ವರ್ಷ ತುಂಬಿದ ಕೂಡಲೇ ಬಂದು ಹೇಳಿದ್ದೇನೆ. ಅವಳು ಅದನ್ನು ಕೇಳಿ, ಅಕ್ಷರ ಅಕ್ಷರ ಕೂಡಿಸಿ ಸಹಿ ಹಾಕಿದಳು. ಇಷ್ಟು ಪ್ರಾಮಾಣಿಕವಾದ ಪ್ರಮಾಣಪತ್ರವನ್ನು ನನ್ನ ಕಚೇರಿಯಿಂದ ಅದಕ್ಕೆ ಮೊದಲು ಕಳಿಸಿದ ನೆನಪು ನನಗಿಲ್ಲ. ನನಗೆ ಹೆಮ್ಮೆಯಾಗಲಿಲ್ಲ, ಭಯವಾಯಿತು.

ಅರ್ಜಿ ಹಾಕಿದೆ. ಹೆಂಡತಿ ಮಕ್ಕಳಿಗೆ ನೋಟಿಸು ಹೋಯಿತು. ಮುಂದಿನ ದಿನಾಂಕಕ್ಕೆ ಅದೇ ಹಳೆಯ ವಕೀಲರು ಅವರ ಪರವಾಗಿ ವಕಾಲತ್ತು ಹಾಕಿದರು. ಅದರ ಮುಂದಿನ ದಿನಾಂಕಕ್ಕೆ ತಕರಾರು ಬಂತು. ಕೆಳಗೆ ಸತ್ತವನ ಹೆಂಡತಿಯ ಸಹಿ ಇತ್ತು. ಮೇಲ್ಮನವಿದಾರಳು ಸಾವಿನ ದಿನ ಹಾಜರಿದ್ದಳು. ಮಣ್ಣಿಗೆ ಬಂದಿದ್ದಳು. ಹಾಲುತುಪ್ಪಕ್ಕೆ ಬಂದಿದ್ದಳು. ತಿಥಿಯ ಊಟ ಮಾಡಿದ್ದಾಳೆ. ವರ್ಷದ ಎಡೆಗೂ ಬಂದಿದ್ದಾಳೆ. ಎಲ್ಲಾ ಗೊತ್ತಿದ್ದೂ ಬೇಕೆಂದೇ ಸುಮ್ಮನಿದ್ದಳು. ಅರ್ಜಿ ವಜಾ ಮಾಡಬೇಕು. ಗುಡ್ಡೆಯ ಹತ್ತಿರ ಆದ ಮಾತಿನ ಬಗ್ಗೆ ಹೌದು ಎಂದೂ ಇರಲಿಲ್ಲ, ಅಲ್ಲ ಎಂದೂ ಇರಲಿಲ್ಲ.

ಎದುರು ವಕೀಲರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿದೆ. ಒಳ್ಳೆಯ ಮನುಷ್ಯರೇ. "ನಾನೇನು ಮಾಡಲಿ ಮೇಡಂ? ಅವರಣ್ಣ ಬಂದು, ಅಪೀಲು ಬಿದ್ದುಹೋಗಿದೆ ಅಂತೆ, ಯಾಕೆ ಎತ್ತಿ ನಿಲ್ಲಿಸಬೇಕು ಅಂದ. ಎರಡು ಹೆಣ್ಣುಮಕ್ಕಳು, ಆಕೆಗೂ ಆ ಜಮೀನು ಬಿಟ್ಟರೆ ಏನಿದೆ?" ಎಂದರು. ನಾನು ಅವರ ಜಾಗದಲ್ಲಿದ್ದರೆ ಇದನ್ನೇ ಮಾಡುತ್ತಿದ್ದೆ.

ವಾದದ ದಿನ ಎರಡೂ ಕಡೆಯವರು ಬಂದಿದ್ದರು. ಚಿಕ್ಕರಸಿನಕೆರೆಯವಳು ಹಿಂದಿನ ಸಾಲಿನಲ್ಲಿ ಅಣ್ಣನ ಪಕ್ಕ ನಿಂತಿದ್ದಳು. ನಾನು ನನಗೆ ಗೊತ್ತಿದ್ದ ಎಲ್ಲವನ್ನೂ ಹೇಳಿದೆ. ಕಾನೂನು ಇರುವುದು ವ್ಯಾಜ್ಯವನ್ನು ತೀರ್ಮಾನಿಸಲು, ಮುಗ್ಗರಿಸಿದವರನ್ನು ಹೊರಗೆ ಹಾಕಲು ಅಲ್ಲ ಎಂದೆ. ಸುಳ್ಳು ಹೇಳಿದ್ದರೆ ಸುಲಭವಿತ್ತು, ಹೇಳಿಲ್ಲ ಎಂದೆ. ನ್ಯಾಯಾಧೀಶರು ತಾಳ್ಮೆಯಿಂದ ಕೇಳಿದರು. ಆಮೇಲೆ ಅವಳನ್ನೇ ಮುಂದೆ ಕರೆದರು.

"ಅವರು ತೀರಿಕೊಂಡಿದ್ದು ನಿಮಗೆ ಗೊತ್ತಿತ್ತಾ ಅಮ್ಮ?"

"ಗೊತ್ತಿತ್ತು ಸ್ವಾಮಿ."

"ವಕೀಲರಿಗೆ ಒಂದು ಫೋನ್ ಮಾಡಬಹುದಿತ್ತಲ್ಲ?"

"ಮಾಡ್ಬೋದಿತ್ತು. ಮಾಡ್ಬಾರ್ದು ಅಂತ ಮಾಡ್ನಿಲ್ಲ."

ಇದು ಬರಹಕ್ಕೆ ಇಳಿದರೆ ಹೇಗೆ ಕಾಣುತ್ತದೆಂದು ನನಗೆ ಗೊತ್ತಿತ್ತು. ನ್ಯಾಯಾಧೀಶರು ಪೆನ್ನು ಎತ್ತಿಕೊಂಡರು, ಏನೋ ಗುರುತು ಹಾಕಿದರು. ಆಮೇಲೆ ಹಿಂದಿನ ಸಾಲಿನತ್ತ ನೋಡಿ, ವರ್ಷ ತುಂಬುವ ತನಕ ಮಾತು ಬೇಡವೆಂದು ಒಪ್ಪಂದ ಆಗಿತ್ತೇನಮ್ಮ ಎಂದು ಆಕೆಯನ್ನು ಕೇಳಿದರು. ಆಕೆ ಅಣ್ಣನ ಮುಖ ನೋಡಿದಳು, ನೆಲ ನೋಡಿದಳು. ಹೌದು ಎಂಬ ಒಂದು ಮಾತು ನನಗೆ ಸಾಕಾಗಿತ್ತು.

ಅಷ್ಟರಲ್ಲಿ ನನ್ನ ಪಕ್ಕದಿಂದ ದನಿ ಬಂತು. "ಬುಡಿ ಸ್ವಾಮಿ, ಅವ್ಳ್ನ ಕೇಳ್ಬ್ಯಾಡಿ. ಎಳೇ ಮಕ್ಳವ್ಳು. ಅಂಗಂದಿದ್ದು ನಾನು. ಅವ್ಳೇನೂ ಅಂದಿಲ್ಲ."

ನನಗೆ ಅವಳ ಬಾಯಿ ಮುಚ್ಚಬೇಕೆನಿಸಿತು. ನಿಜವಾಗಿಯೂ ಕೈ ಎತ್ತಿದ್ದೆ. ಎದುರು ವಕೀಲರು ತಕ್ಷಣ ಎದ್ದು, ಒಪ್ಪಂದವೇ ಇರಲಿಲ್ಲವೆಂದು ಮೇಲ್ಮನವಿದಾರಳೇ ಹೇಳುತ್ತಿದ್ದಾಳೆ, ಇದ್ದರೂ ಖಾಸಗಿ ಮಾತಿನಿಂದ ಕಾನೂನಿನ ಗಡುವು ನಿಲ್ಲುವುದಿಲ್ಲ ಎಂದರು. ಅವರು ಹೇಳಿದ ಎರಡನೆಯ ಮಾತು ಕಾನೂನಿನಲ್ಲಿ ಸರಿಯಾಗಿಯೇ ಇತ್ತು. ಹಿಂದಿನ ಸಾಲಿನಲ್ಲಿ ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

ಆದೇಶ ಬಂದ ದಿನ ಮೋಡ ಮುಸುಕಿತ್ತು. ಸಂಪ್ರದಾಯವನ್ನು ಗೌರವಿಸಬೇಕು, ಆದರೆ ಗೊತ್ತಿದ್ದೂ ಸುಮ್ಮನಿದ್ದದ್ದು ಸಾಕಷ್ಟು ಕಾರಣವಾಗದು. ಮೂರೂ ಅರ್ಜಿ ವಜಾ. ಅಪೀಲು ಅಬೇಟ್ ಆಗಿರುತ್ತದೆ. ಓದಿ ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನನ್ನ ವಾದದ ಟಿಪ್ಪಣಿ, ಆ ಇಬ್ಬರು ಸಾಕ್ಷಿಗಳು, ತಪ್ಪಾಗಿ ಓದಿದ ಆ ದಾಖಲೆ, ಯಾವುದನ್ನೂ ಯಾರೂ ಕೇಳದೆ ಅಪೀಲು ಮುಗಿಯಿತು. ಸೋಲು ನನಗೆ ಹೊಸದಲ್ಲ. ವಾದ ಮಾಡಿ ಸೋತರೆ ಮನೆಗೆ ಹೋಗಿ ಉಂಡು ಮಲಗುತ್ತೇನೆ. ಇದು ಹಾಗಲ್ಲ, ಬಹಳ ದಿನ ನನ್ನನ್ನು ಕೊರೆಯಿತು.

ವಾಪಸು ಬರುವಾಗ ನಾವಿಬ್ಬರೂ ಒಂದೇ ಬಸ್ಸಿನಲ್ಲಿದ್ದೆವು. ಶಿವಪುರದ ಸ್ಮಾರಕದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಇಳಿದು ಮರದಡಿ ನಿಂತಾಗ ಅವಳು ಕೇಳಿದಳು.

"ಅದೇನೋ ಅಂದ್ರಲ್ಲ ಕಡೇಲಿ, ಅಬೇಟೋ ಯಾನೋ. ಅಂಗಂದ್ರೇನಮ್ಮ?"

"ಬಡಿದು ಕೆಡವೋದು ಅಂತ. ಹಳೇ ಕಾಲದ ಮಾತು."

"ಯಾರ್ ಬಡುದ್ರು?"

"ಯಾರೂ ಬಡೀಲಿಲ್ಲ ಅಮ್ಮ. ಅದು ತಾನೇ ಬೀಳುತ್ತೆ."

"ಯಾರೂ ಬಡೀದೆ ಬೀಳೋದು ಎಂಗೆ?" ಎಂದಳು. ಹೈಕೋರ್ಟಿಗೆ ಹೋಗೋಣ, ಅಲ್ಲಿ ಖಂಡಿತ ಕೇಳುತ್ತಾರೆ, ಫೀಸಿನ ಮಾತು ಬೇಡ ಎಂದೆ. ಬೇಡಿಕೊಂಡೆ ಎಂದರೂ ತಪ್ಪಲ್ಲ.

"ಅಲ್ಲೂ ಇದ್ನೇ ಅಲ್ವಾ ಕೇಳೋದು, ಗೊತ್ತಿತ್ತಾ ಅಂತ?"

"ಹೌದು."

"ಅಲ್ಲೂ ಗೊತ್ತಿತ್ತು ಅಂತ್ಲೇ ಏಳ್ಬೇಕು. ಬುಡಿ, ಸಾಕು."

ಎಷ್ಟು ಹೇಳಿದರೂ ಕೇಳಲಿಲ್ಲ. ಅವಳು ಸಹಿ ಹಾಕದೆ ಅಪೀಲು ಹಾಕಲು ನನಗೆ ಆಗುವುದಿಲ್ಲ. ಗಡುವು ಕಳೆಯುವ ತನಕ ವಾರಕ್ಕೊಮ್ಮೆ ಫೋನು ಮಾಡಿದೆ. ಹುಳಕ್ಕೆ ಸೊಪ್ಪು ಹಾಕಬೇಕು ಎಂದು ಇಡುತ್ತಿದ್ದಳು.

ಜಮೀನು ಬಿಡಿಸಿಕೊಡುವ ದಿನ ನಾನು ಹೋಗಬೇಕಾಗಿರಲಿಲ್ಲ, ಅಲ್ಲಿ ವಕೀಲರಿಗೆ ಕೆಲಸವಿಲ್ಲ. ಆದರೂ ಪೂರಿಗಾಲಿಗೆ ಹೋದೆ. ಕೋರ್ಟಿನ ಅಮೀನ ಬದುವಿನ ಮೇಲೆ ಕೂತು ಮಹಜರು ಬರೆಯುತ್ತಿದ್ದ. ಮೇಷ್ಟ್ರು ಬೇಲಿಯ ಹತ್ತಿರ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಚಿಕ್ಕರಸಿನಕೆರೆಯವಳು ಹುಳದ ಮನೆಯ ಬಾಗಿಲಿನಿಂದ ನಾಲ್ಕು ಹೆಜ್ಜೆ ಆಚೆ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನಿಂತಿದ್ದಳು. ಒಳಗೆ ಬರಲೂ ಇಲ್ಲ, ಹಿಂದೆ ಹೋಗಲೂ ಇಲ್ಲ.

ಒಳಗೆ ನನ್ನ ಕಕ್ಷಿದಾರಳು ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು. ಹುಳುಗಳು ಕಡೆಯ ಹಂತದಲ್ಲಿದ್ದವು. ಸೊಪ್ಪು ತಿನ್ನುವ ಸದ್ದು ಮೆಲ್ಲಗೆ ಕೇಳುತ್ತಿತ್ತು. ಇನ್ನೆರಡು ದಿನಕ್ಕೆ ಹಣ್ಣಾಗುತ್ತವೆ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹಾಕಬೇಕು. ಈ ಹಂತದಲ್ಲಿ ಹುಳ ಎತ್ತಿಕೊಂಡು ಬೇರೆಡೆ ಹೋಗಲು ಆಗುವುದಿಲ್ಲ, ಹೋಗಲು ಅವಳಿಗೆ ಬೇರೆಡೆ ಎನ್ನುವುದೂ ಇರಲಿಲ್ಲ. ಎರಡು ದಿನ ಬಿಟ್ಟು ಬರುತ್ತೀರಾ ಎಂದು ಅಮೀನನನ್ನು ಕೇಳಿದೆ. ಅವನು ಮೇಷ್ಟ್ರ ಕಡೆ ನೋಡಿದ, ಮೇಷ್ಟ್ರು ಫೋನಿನಿಂದ ಮುಖ ಎತ್ತಲಿಲ್ಲ. ಅಮೀನ ಬರೆಯುವುದನ್ನು ಮುಂದುವರಿಸಿದ.

ಅವಳು ಸೊಪ್ಪಿನ ಬುಟ್ಟಿಯನ್ನು ಹಿಡಿದುಕೊಂಡು ಬಾಗಿಲಿಗೆ ಬಂದಳು. ಹೊರಗೆ ನಿಂತವಳನ್ನು ನೋಡಿದಳು. ಬೈಯುತ್ತಾಳೆ ಎಂದು ನಾನಂದುಕೊಂಡೆ. ಬೈಯಲಿ ಎಂದು ಆಸೆಯೂ ಇತ್ತು.

"ಅಲ್ಯಾಕ್ ನಿಂತಿದ್ದೀಯೆ ಅಮ್ಮಿ? ಮದ್ಯಾನದ್ ಸೊಪ್ಪು ತಪ್ಪುಸ್ಬ್ಯಾಡ. ನಾಡಿದ್ಗೆ ಅಣ್ಣಾಯ್ತವೆ."

ಆಕೆ ಕದಲಲಿಲ್ಲ. ಕಣ್ಣೀರು ಗದ್ದದಿಂದ ಇಳಿಯುತ್ತಿತ್ತು. ನನ್ನ ಕಕ್ಷಿದಾರಳು ಬುಟ್ಟಿಯನ್ನು ಮುಂದೆ ಚಾಚಿದಳು.

"ವರ್ಸ ಕಳೀತಲ್ಲ, ಸೂತಕ ಇಲ್ಲ," ಎಂದಳು. "ಬಾ ಒಳಕ್ಕೆ."